ನಂಬಿಕೆ ಇದ್ದೂ ನಿದ್ದೆ ಬಾರದವರಿಗೆ

ಕಳೆದ ವರ್ಷ ಅಪ್ಪ ಹನ್ನೊಂದು ದಿನ ಐಸಿಯುನಲ್ಲಿದ್ದರು. ಆರನೇ ದಿನವೋ ಏಳನೇ ದಿನವೋ, ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಫೋನ್ ಮಾಡಿ, "ಹೆದರಬೇಡಮ್ಮ, ನಂಬಿಕೆ ಇರೋ ಕಡೆ ಭಯ ಇರಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಫೋನ್ ಇಟ್ಟ ಮೇಲೆ ನನಗೆ ಒಂದಿದ್ದ ಭಯ ಎರಡಾಯಿತು. ಅಪ್ಪನಿಗೆ ಏನಾಗುತ್ತೋ ಅನ್ನುವುದು ಒಂದು. ನನ್ನ ನಂಬಿಕೆಯೇ ಸುಳ್ಳಾ ಅನ್ನುವುದು ಇನ್ನೊಂದು.

ಆ ಮಾತು ಸರಿಯಲ್ಲ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ. ಸತ್ಯವೇದವೇ (ಬೈಬಲ್) ಅದನ್ನು ಒಪ್ಪುವುದಿಲ್ಲ.

ಯೇಸುವನ್ನು ಹಿಡಿದುಕೊಂಡು ಹೋಗುವ ಮುಂಚಿನ ಗೆತ್ಸೇಮನೆ ತೋಟದ ರಾತ್ರಿ ನೆನಪಿಸಿಕೊಳ್ಳಿ. ಯೇಸು ಅಲ್ಲಿ ನಗುತ್ತಾ ಕೂತಿರಲಿಲ್ಲ. ನನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ, ಎಚ್ಚರವಾಗಿರಿ ಅಂತ ಗೆಳೆಯರನ್ನು ಕೇಳಿಕೊಂಡ. ಅವರೋ ನಿದ್ದೆ ಹೋದರು. ಸತ್ಯವೇದದಲ್ಲಿರುವ ಪ್ರಾರ್ಥನೆಯ ಹಾಡುಗಳಾದ 150 ಕೀರ್ತನೆಗಳಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಗೋಳಿನವು, ದೂರಿನವು. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ. ಕೊನೆಗೊಂದು ಸ್ತೋತ್ರವೂ ಇಲ್ಲ. ಅದನ್ನು ಯಾರೂ ಕಿತ್ತು ಹಾಕಲಿಲ್ಲ, ಅಲ್ವಾ?

ಯೇಸುವಿನ ಕಥೆ ಬರೆದ ನಾಲ್ವರಲ್ಲಿ ಒಬ್ಬನಾದ ಮಾರ್ಕನು ಹೇಳುವ ಬಿರುಗಾಳಿಯ ಪ್ರಸಂಗ ನನಗೆ ತುಂಬ ಇಷ್ಟ. ದೋಣಿಗೆ ನೀರು ನುಗ್ಗುತ್ತಿದೆ, ಯೇಸು ತಲೆದಿಂಬಿನ ಮೇಲೆ ಮಲಗಿದ್ದಾನೆ. (ಆ ದಿಂಬಿನ ವಿಷಯ ಹೇಳುವುದು ಮಾರ್ಕ ಒಬ್ಬನೇ.) ಶಿಷ್ಯರು ಅವನನ್ನು ಎಬ್ಬಿಸಿ, ನಾವು ಸಾಯ್ತಾ ಇದ್ದೇವೆ, ನಿನಗೆ ಚಿಂತೆಯೇ ಇಲ್ಲವಾ ಅಂತ ರೇಗುತ್ತಾರೆ. ಭಕ್ತಿಯ ಮಾತೇ ಅಲ್ಲ ಅದು. ಆದರೂ ಅವನು ಮೊದಲು ಗಾಳಿಯನ್ನು ಸುಮ್ಮನಾಗಿಸುತ್ತಾನೆ. ನಂಬಿಕೆಯ ಪ್ರಶ್ನೆ ಕೇಳುವುದು ಆಮೇಲೆ. ನಮ್ಮ ಕಡೆ ಇದು ಉಲ್ಟಾ. ಮುಳುಗುತ್ತಿರುವವರನ್ನು ಮೊದಲು ಪರೀಕ್ಷೆಗೆ ಕೂರಿಸುತ್ತೇವೆ.

ಹಾಗಾದರೆ ಸಮಾಧಾನ ಅಂದರೆ ಏನು? ನನಗೆ ಉತ್ತರ ಸಿಕ್ಕಿದ್ದು ಮೊದಲ ಕಾಲದ ಸಭೆಗಳಿಗೆ ಪತ್ರ ಬರೆದ ಪೌಲನ ಒಂದು ಪದದಲ್ಲಿ. ಫಿಲಿಪ್ಪಿ ಊರಿನವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ, ದೇವರ ಶಾಂತಿ ನಿಮ್ಮ ಹೃದಯವನ್ನು ಕಾಯುತ್ತದೆ ಅನ್ನುತ್ತಾನೆ. ಆ 'ಕಾಯು' ಗ್ರೀಕಿನಲ್ಲಿ ಸೈನಿಕರು ಊರಿಗೆ ಕಾವಲು ನಿಲ್ಲುವುದಕ್ಕೆ ಬಳಸುವ ಪದ. ಬರೆದವನು ಸೆರೆಯಲ್ಲಿದ್ದ, ಅವನ ಸುತ್ತಲೇ ಕಾವಲಿನವರಿದ್ದರು. ಕಾವಲುಗಾರ ಇರುವುದು ಬಾಗಿಲಲ್ಲಿ. ಮನೆಯೊಳಗೆ ಮಗು ಅಳುತ್ತಿರಬಹುದು, ಯಾರೋ ಎದ್ದು ಓಡಾಡುತ್ತಿರಬಹುದು. ಆದರೂ ಅವನು ಅಲ್ಲೇ ನಿಂತಿರುತ್ತಾನೆ.

ಜರ್ಮನಿಯ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ ಅವರನ್ನು ನಾಜಿಗಳು 1943ರ ಏಪ್ರಿಲ್‌ನಲ್ಲಿ ಬಂಧಿಸಿದರು. ಮರುವರ್ಷ ಜೈಲಿನಲ್ಲೇ ಒಂದು ಕವಿತೆ ಬರೆದರು. ಜನ ನನ್ನನ್ನು ಶಾಂತ, ಧೀರ ಅನ್ನುತ್ತಾರೆ, ಒಳಗೆ ನಾನು ಪಂಜರದ ಹಕ್ಕಿಯಂತೆ ಚಡಪಡಿಸುತ್ತಿದ್ದೇನೆ, ಇದರಲ್ಲಿ ನಿಜವಾದ ನಾನು ಯಾರು ಅಂತ ಕೇಳುತ್ತಾರೆ. ಉತ್ತರ ಕೊಡುವುದಿಲ್ಲ. ನಾನು ಯಾರೇ ಆಗಿರಲಿ ದೇವರೇ, ನಿನ್ನವನು ಅಂತ ಬಿಟ್ಟುಬಿಡುತ್ತಾರೆ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಿದರು.

ಅಪ್ಪ ಮನೆಗೆ ಬಂದರು. ಹಾಗಂತ ಇದನ್ನು ಸಾಕ್ಷಿ ಅಂದುಕೊಳ್ಳಬೇಡಿ. ಪಕ್ಕದ ಬೆಡ್ಡಿನವರ ಮಗಳೂ ನನ್ನಷ್ಟೇ ಪ್ರಾರ್ಥಿಸುತ್ತಿದ್ದಳು. ಅವಳ ಅಪ್ಪ ಬರಲಿಲ್ಲ. ಅದಕ್ಕೆ ನನ್ನ ಹತ್ತಿರ ವಿವರಣೆ ಇಲ್ಲ. ಯಾರಾದರೂ ಸುಲಭವಾಗಿ ವಿವರಿಸಿದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಈಗಲೂ ಕೆಲವು ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ. ಎದ್ದು ಅಪ್ಪನ ಕೋಣೆಗೆ ಹೋಗಿ ಉಸಿರು ಕೇಳಿ ಬರುತ್ತೇನೆ. ಆಮೇಲೆ 13ನೇ ಕೀರ್ತನೆ. ಆರೇ ವಚನ. ಮೊದಲ ಎರಡರಲ್ಲೇ 'ಇನ್ನೂ ಎಷ್ಟು ಕಾಲ' ಅಂತ ನಾಲ್ಕು ಸಲ ಕೇಳುತ್ತದೆ. 'ಆದರೂ ನಿನ್ನನ್ನೇ ನಂಬಿದ್ದೇನೆ' ಅನ್ನುವ ಮಾತು ಬರುವುದು ಐದನೆಯದರಲ್ಲಿ. ಕೆಲವು ಸಲ ಅಲ್ಲಿಗೆ ಮುಟ್ಟುವುದರೊಳಗೆ ನಿದ್ದೆ ಬಂದಿರುತ್ತದೆ. ಕೆಲವು ಸಲ ಎರಡನೇ ವಚನದಲ್ಲೇ ಬೆಳಗಾಗುತ್ತದೆ.