ಜೋಗದಲ್ಲಿ ನೀರಿದೆಯಾ?

ಜೂನ್ ಕೊನೆಯ ವಾರ ಬಂತೆಂದರೆ ನಮ್ಮನೆಗೆ ಬರುವ ಫೋನುಗಳೆಲ್ಲ ಒಂದೇ ಮಾತಿನಿಂದ ಶುರುವಾಗುತ್ತವೆ. “ಜೋಗದಲ್ಲಿ ನೀರಿದೆಯಾ?”

ಹೇಗಿದ್ದೀರಿ, ಮಕ್ಕಳ ಶಾಲೆ ಹೇಗೆ ನಡೀತಿದೆ, ಅತ್ತೆಯವರ ಮಂಡಿನೋವು ಕಮ್ಮಿಯಾಯ್ತಾ, ಇವೆಲ್ಲ ಆಮೇಲೆ. ಮೊದಲು ನೀರು. ಜೋಗ ಇರುವುದು ಶಿವಮೊಗ್ಗದಿಂದ ನೂರು ಕಿಲೋಮೀಟರ್ ಆಚೆ, ಸಾಗರವನ್ನೂ ದಾಟಿ. ಬೆಂಗಳೂರಿನ ನೆಂಟರ ಲೆಕ್ಕದಲ್ಲಿ ಮಾತ್ರ ಅದು ನಮ್ಮ ಹಿತ್ತಲಲ್ಲೇ ಬೀಳುತ್ತಿದೆ. ಬಟ್ಟೆ ಹರವಲು ಹೋದಾಗ ನಾನು ಒಂದು ಸಲ ಬಗ್ಗಿ ನೋಡಿ ಹೇಳಿದರೆ ಆಯಿತು.

ನಮ್ಮನೆಯವರು ಈ ಪ್ರಶ್ನೆಗೆ ತಯಾರಾಗಿಯೇ ಇರುತ್ತಾರೆ. ಮಳೆಗಾಲದಲ್ಲಿ ಅವರು ಪೇಪರ್ ತೆಗೆದರೆ ಮೊದಲು ನೋಡುವುದು ಅಣೆಕಟ್ಟೆಗಳ ನೀರಿನ ಮಟ್ಟ. ಜೋಗಕ್ಕಿಂತ ಮೇಲೆ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ತುಂಬುವುದು 1819 ಅಡಿಗೆ. ಇವತ್ತು ಎಷ್ಟಿದೆ, ನಿನ್ನೆಗಿಂತ ಎಷ್ಟು ಏರಿದೆ ಎಂದು ಕಾಫಿ ಆರುವವರೆಗೂ ಲೆಕ್ಕ ಹಾಕುತ್ತಾರೆ. ಮಗ ಕಳೆಯುವ ಲೆಕ್ಕ ಕಲಿತದ್ದು ಇದರಿಂದಲೇ ಎಂದು ನನಗೆ ಅನುಮಾನ. ಒಳ್ಳೆಯ ಮಳೆ ಬಿದ್ದರೆ ಕಟ್ಟೆಯಿಂದ ಕೆಳಗಿನ ಹಳ್ಳಗಳ ನೀರೇ ಬಂದು ಜೋಗದ ನಾಲ್ಕೂ ಕವಲು ಕಾಣುತ್ತವೆ. ಗೇಟು ತೆಗೆದರಂತೂ ಕೇಳುವುದೇ ಬೇಡ. ಇಷ್ಟನ್ನೂ ಇವರು ಫೋನಿನಲ್ಲಿ ವಿವರಿಸುತ್ತಾರೆ. ಆ ಕಡೆಯಿಂದ ನಾದಿನಿ, “ಅಣ್ಣಾ, ಅದೆಲ್ಲ ಬೇಡ. ಶನಿವಾರ ಬರಬಹುದಾ ಬೇಡ್ವಾ ಹೇಳು” ಎನ್ನುತ್ತಾಳೆ.

ನೋಡುವಂಥ ಊರಿನಲ್ಲಿ ಮನೆ ಮಾಡಿದವರ ಹಣೆಬರಹ ಇದು. ಜನ ನಮ್ಮನ್ನು ನೋಡಲು ಬರುತ್ತಾರೋ, ನಮ್ಮ ಆಚೆಗಿರುವುದನ್ನು ನೋಡಲು ಬರುತ್ತಾರೋ ಗೊತ್ತೇ ಆಗುವುದಿಲ್ಲ. ನಾನು ದೂರುತ್ತಿಲ್ಲ. ನೆಂಟರು ಬಾರದೆ ಹೋಗಿದ್ದರೆ ನಮ್ಮ ಮಕ್ಕಳು ಏನನ್ನೂ ನೋಡುತ್ತಿರಲಿಲ್ಲ. ಏಳನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ, ಇಬ್ಬರೂ ಜೋಗ ನೋಡಿರುವುದು ಬೇರೆಯವರ ಕಾರಿನ ಕೊನೆಯ ಸೀಟಿನಿಂದ. ಇವರು ದಾರಿ ತೋರಿಸಲು ಮುಂದೆ ಕೂರಬೇಕು. ನೆಂಟರ ಮಕ್ಕಳಿಗೆ ಕಿಟಕಿ ಬೇಕು. ನನ್ನ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ, ಕಾಲ ಬಳಿ ಮೊಸರನ್ನದ ಕ್ಯಾರಿಯರ್. ನಮ್ಮ ಮಕ್ಕಳು ಹಿಂದೆ, ಚೀಲಗಳ ನಡುವೆ ಇನ್ನೆರಡು ಚೀಲಗಳ ಹಾಗೆ.

ನಾವು ನಮ್ಮಷ್ಟಕ್ಕೇ ಹೋಗಬಹುದಲ್ಲ ಅಂದರೆ ಮನೆಯಲ್ಲಿ ಸಿದ್ಧ ಉತ್ತರ ಇದೆ: “ಅದೆಲ್ಲಿಗೆ ಹೋಗತ್ತೆ? ಇಲ್ಲೇ ಇರತ್ತಲ್ಲ!” ಶಿವಪ್ಪ ನಾಯಕನ ಅರಮನೆ ನಮ್ಮೂರ ಒಳಗೇ ಇದೆ. ತರಕಾರಿ ತರಲು ಹೋಗುವಾಗ ಅದರ ಮುಂದೆಯೇ ಎಷ್ಟು ಸಲ ಓಡಾಡಿದ್ದೇನೋ. ಒಳಗೆ ಕಾಲಿಟ್ಟದ್ದು ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ಅದೂ ಮೈಸೂರಿನ ಗೆಳತಿ ಬಂದಿದ್ದಳೆಂದು. ಮೈಸೂರಿನಲ್ಲಿದ್ದು ಅಷ್ಟು ದೊಡ್ಡ ಅರಮನೆಯ ಒಳಗೆ ಅವಳು ಎಷ್ಟು ಸಲ ಹೋಗಿದ್ದಾಳೆ ಎಂದು ಕೇಳಿದೆ. ಅವಳೂ ನಕ್ಕಳು.

ಆದರೆ ನೆಂಟರನ್ನು ಸುತ್ತಿಸುತ್ತಾ ಸುತ್ತಿಸುತ್ತಾ ನಾವು ಪಳಗಿದ ಗೈಡುಗಳಾಗಿಬಿಟ್ಟಿದ್ದೇವೆ. ಸಕ್ರೆಬೈಲಿಗೆ ಹೋಗುವುದಾದರೆ ಬೆಳಗ್ಗೆ ಎಂಟಕ್ಕೆ ಮನೆ ಬಿಡಬೇಕು. ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮೈಚಾಚಿ ಮಲಗಿ ಉಜ್ಜಿಸಿಕೊಳ್ಳುವುದು ಬೆಳಗ್ಗೆ ಮಾತ್ರ. ಆಮೇಲೆ ಅವು ಕಾಡಿಗೆ. ರಜೆಗೆಂದು ಬಂದವರು ಏಳುವುದೇ ಒಂಬತ್ತಕ್ಕೆ. ದೋಸೆ ತಿಂದು, ತಲೆ ಬಾಚಿ, ಚಾರ್ಜರ್ ಹುಡುಕಿ ಹೊರಡುವಷ್ಟರಲ್ಲಿ ಹನ್ನೊಂದು. ಒಂದು ಸಲ ಹಾಗೆ ಹೋಗಿ ಆನೆ ಲದ್ದಿ ನೋಡಿ ಬಂದಿದ್ದೇವೆ. ನೆಂಟರ ಹುಡುಗ ಅದರದ್ದೂ ಫೋಟೋ ತೆಗೆದುಕೊಂಡ.

ಅದೇ ತೀರ್ಥಹಳ್ಳಿ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಮಂಡಗದ್ದೆ. ಮಳೆಗಾಲದಲ್ಲಿ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿರುತ್ತವೆ. ನನಗೆ ಇಡೀ ಜಿಲ್ಲೆಯಲ್ಲಿ ಬಲು ಇಷ್ಟದ ಜಾಗ ಅದು. ನಿಂತು ನೋಡುವವರು ಕಡಿಮೆ. “ಇಲ್ಲಿ ಏನು ಮಾಡಬಹುದು?” ಎಂದು ನೆಂಟರ ಹುಡುಗಿ ಕೇಳಿದಳು. ನೋಡಬಹುದು ಅಂದೆ. ಅವಳು ನೋಡಿದಳು. “ಆಯ್ತು” ಅಂದಳು.

ಆಗುಂಬೆಯದು ಇನ್ನೊಂದು ಕಥೆ. ಜುಲೈ ತಿಂಗಳಲ್ಲಿ ಬಂದು ಸೂರ್ಯಾಸ್ತ ತೋರಿಸಿ ಎನ್ನುವವರಿಗೆ ಏನು ಹೇಳುವುದು? ಆ ತಿಂಗಳು ಅಲ್ಲಿಯ ಜನಕ್ಕೇ ಸೂರ್ಯ ಸರಿಯಾಗಿ ಸಿಗುವುದಿಲ್ಲ. ಹೋದೆವು. ಬಿಳಿ ಗೋಡೆಯಂಥ ಮಂಜಿನ ಮುಂದೆ ಒಂದು ಗಂಟೆ ನಿಂತೆವು. ಆರೂವರೆಗೆ ಬಿಳಿ ಗೋಡೆ ಬೂದು ಗೋಡೆಯಾಯಿತು. ಮುಳುಗಿರಬೇಕು ಅಂತ ಹೊರಟೆವು. ಇಷ್ಟು ದೂರ ಬಂದಿದ್ದೇವೆ, ಘಾಟಿಯನ್ನಾದರೂ ಇಳಿದು ಬರೋಣ ಎಂದು ನಾದಿನಿಯ ಗಂಡನಿಗೆ ಹುಮ್ಮಸ್ಸು. ಹದಿನಾಲ್ಕು ತಿರುವು. ನಾಲ್ಕನೆಯದಕ್ಕೆ ಮೊದಲ ಮಗು, ಏಳನೆಯದಕ್ಕೆ ಎರಡನೆಯದು. ಪ್ಲಾಸ್ಟಿಕ್ ಕವರ್, ನಿಂಬೆಹಣ್ಣು, ಒದ್ದೆ ಟವೆಲ್ ಇಲ್ಲದೆ ನಾನೀಗ ಯಾರ ಕಾರನ್ನೂ ಹತ್ತುವುದಿಲ್ಲ.

ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳದ ವಿಷಯದಲ್ಲಿ ಮಾತ್ರ ನಮ್ಮ ಮಗನಿಗೆ ರಾಜಮರ್ಯಾದೆ. ಕವಲೇದುರ್ಗ ಹತ್ತುವಾಗ ಭಾವನವರ ಕಾಲಿಗೊಂದು ಹತ್ತಿತು. ಆರಡಿ ಎತ್ತರದ ಮನುಷ್ಯ ಒಂಟಿಕಾಲಲ್ಲಿ ಕುಣಿಯತೊಡಗಿದರು. ಇವನು ಜೇಬಿನಿಂದ ಉಪ್ಪಿನ ಪೊಟ್ಟಣ ತೆಗೆದು, ವೈದ್ಯರ ಹಾಗೆ, “ಅಲ್ಲಾಡಬೇಡಿ ಮಾವ” ಎಂದ. ಕೊನೆಯ ಸೀಟಿನ ಹುಡುಗ ವಾಪಸು ಬರುವಾಗ ಕಿಟಕಿ ಪಕ್ಕ ಕೂತಿದ್ದ.

ಹಾಗಾದರೆ ನಮ್ಮ ಮಕ್ಕಳಿಗೆ ಯಾವುದು ಪ್ರವಾಸ? ಶಾಲೆಯಲ್ಲಿ ‘ನಾನು ನೋಡಿದ ಸುಂದರ ಸ್ಥಳ’ ಎಂದು ಪ್ರಬಂಧ ಬರೆಸಿದರು. ಮಗಳು ಬರೆದದ್ದು ಬೆಂಗಳೂರಿನ ಮಾಲಿನ ಬಗ್ಗೆ. ಒಂದೂವರೆ ಪುಟದಲ್ಲಿ ಒಂದು ಪುಟ ಎಸ್ಕಲೇಟರ್. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಬೆಂಗಳೂರಿನವರು ನೀರು ಮೇಲಿಂದ ಕೆಳಗೆ ಬೀಳುವುದನ್ನು ನೋಡಲು ಇಲ್ಲಿಗೆ ಬರುತ್ತಾರೆ. ನಮ್ಮ ಮಕ್ಕಳು ಮೆಟ್ಟಿಲು ಕೆಳಗಿಂದ ಮೇಲೆ ಹೋಗುವುದನ್ನು ನೋಡಲು ಅಲ್ಲಿಗೆ ಹೋಗುತ್ತಾರೆ. ಇದರಲ್ಲಿ ತಪ್ಪೇನು? 2023ರಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಶುರುವಾದಾಗ ನಾವೂ ಸ್ಕೂಟರಿನಲ್ಲಿ ನಾಲ್ಕು ಜನ ಒತ್ತಿಕೊಂಡು ಹೋಗಿ, ಬೇಲಿಯಾಚೆ ವಿಮಾನ ಇಳಿಯುವುದನ್ನು ಬಾಯಿ ಬಿಟ್ಟುಕೊಂಡು ನೋಡಿದವರೇ. ಅದರಿಂದ ಇಳಿದವರು ನಮ್ಮನ್ನು ಬಾಯಿ ಬಿಟ್ಟುಕೊಂಡು ನೋಡಿದರು.

ಬೇಸಿಗೆ ರಜೆಯಲ್ಲಂತೂ ಎಲ್ಲೂ ಹೋಗುವ ಪ್ರಶ್ನೆಯೇ ಇಲ್ಲ. ಹೊಸನಗರದ ಕಡೆ ನನ್ನ ತವರು, ಅಂದರೆ ಅಜ್ಜಿ ಮನೆ. ಅದು ಪ್ರವಾಸ ಅಲ್ಲ, ಅದೊಂದು ಬಗೆಯ ನೌಕರಿ. ಬೆಳಗ್ಗೆ ಹಲಸಿನಕಾಯಿ ಕೊಯ್ದು ಸೊಳೆ ಬಿಡಿಸಬೇಕು, ಬೇಯಿಸಿ ರುಬ್ಬಿದ ಹಿಟ್ಟನ್ನು ಉಂಡೆ ಕಟ್ಟಿಕೊಡಬೇಕು, ಅಜ್ಜಿ ಒತ್ತಿದ ಹಪ್ಪಳವನ್ನು ಅಂಗಳದ ಚಾಪೆಗೆ ಸಾಗಿಸಬೇಕು, ಆಮೇಲೆ ಕೋಲು ಹಿಡಿದು ಕಾಗೆ ಕಾಯಬೇಕು. ಕಾಗೆಗಿಂತ ಜಾಸ್ತಿ ಹಸಿ ಹಪ್ಪಳ ತಿನ್ನುವುದು ಕಾಯುವವರೇ ಎಂದು ಅಜ್ಜಿಗೂ ಗೊತ್ತು. ಕಳೆದ ಬೇಸಿಗೆಯಲ್ಲಿ ಹತ್ತಿರದ ಹೋಂಸ್ಟೇ ಒಂದರ ಕರಪತ್ರ ಮಗನ ಕೈಗೆ ಸಿಕ್ಕಿತು. ‘ಹಪ್ಪಳ ಮಾಡುವ ಅನುಭವ, ತೋಟದ ನಡಿಗೆ, ಹಳ್ಳದಲ್ಲಿ ಸ್ನಾನ’ ಎಂದೆಲ್ಲ ಇತ್ತು, ತಲೆಗೆ ಇಷ್ಟು ರೂಪಾಯಿ ಎಂದೂ ಇತ್ತು. ಅವನು ಎರಡೆರಡು ಸಲ ಓದಿದ.

“ಅಮ್ಮಾ, ಇದಕ್ಕೆ ಅವರು ದುಡ್ಡು ಕೊಡ್ತಾರಾ?”

“ಹೌದು ಕಣೋ.”

“ಯಾರಿಗೆ? ಹಪ್ಪಳ ಮಾಡಿದವರಿಗಾ?”

ಅಲ್ಲ, ಮಾಡಿದವರೇ ಕೊಡುವುದು ಎಂದೆ. ಅವನಿಗೆ ಅರ್ಥವಾಗಲಿಲ್ಲ. ನೇರ ಹೋಗಿ ಅಜ್ಜಿಯ ಹತ್ತಿರ ಕಾಗೆ ಕಾಯುವುದಕ್ಕೆ ದಿನಕ್ಕೆ ಐವತ್ತು ರೂಪಾಯಿ ಕೇಳಿದ. “ಎಂತದಾ ನಿಂದು? ತಿಂದ ಹಪ್ಪಳದ ಲೆಕ್ಕ ಮೊದ್ಲು ಕೊಡು ಮಾರಾಯ” ಅಂದರು ಅಜ್ಜಿ.

ಸಿಗಂದೂರಿನ ಲಾಂಚ್ ಕೂಡ ಅವನಿಗೆ ಇಂಥದೇ ಪಾಠ ಕಲಿಸಿತು. ಶರಾವತಿ ಹಿನ್ನೀರು ದಾಟಲು ಲಾಂಚೇ ಇದ್ದ ಕಾಲದಲ್ಲಿ ನಾವು ನೆಂಟರ ಜೊತೆ ಮೂರು ಸಲ ಹೋಗಿದ್ದೆವು. ಬಸ್ಸು, ಕಾರು, ಬೈಕುಗಳೆಲ್ಲ ಸಾಲಾಗಿ ಅದರ ಮೇಲೆ ಹತ್ತುವುದನ್ನು ನೋಡುವುದೆಂದರೆ ಅವನಿಗೆ ದೇವಸ್ಥಾನಕ್ಕಿಂತ ದೊಡ್ಡದು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಇನ್ನು ಕಾರು ಸೀದಾ ಆಚೆ ದಡಕ್ಕೆ ಎಂದು ತಿಳಿದು ಇವನು ಮುಖ ಊದಿಸಿಕೊಂಡ. ನನ್ನ ಜೊತೆ ಕೆಲಸ ಮಾಡುವವರೊಬ್ಬರ ತವರು ತುಮರಿ ಕಡೆ. ಲಿಂಗನಮಕ್ಕಿ ಕಟ್ಟೆ ಆದದ್ದು 1964ರಲ್ಲಿ. ಅಲ್ಲಿಂದ ಈಚೆಗೆ ಅವರ ಮನೆಯ ಮೂರು ತಲೆಮಾರು ಆ ನೀರನ್ನು ಎದುರಿಗಿಟ್ಟುಕೊಂಡೇ ಬದುಕಿದೆ. ಸಂಜೆಯ ಕೊನೇ ಲಾಂಚ್ ಹೋದ ಮೇಲೆ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ನೋವು ಬಂದರೆ, ಸುತ್ತಿ ಬಳಸಿ ಹೋಗಬೇಕು, ಇಲ್ಲವೇ ಬೆಳಗಾಗಲೆಂದು ಕೂರಬೇಕು. ಮಗನ ದುಃಖವನ್ನು ನಾನು ತಮಾಷೆಯಾಗಿ ಹೇಳಿಕೊಂಡಾಗ ಅವರು ನಗಲಿಲ್ಲ. “ನಿಮ್ಮ ಮಗನಿಗೆ ಆಟ ಹೋಯ್ತು, ನಮಗೆ ಉಸಿರು ಬಂತು ಕಣ್ರೀ” ಅಂದರು. ಮನೆಗೆ ಬಂದು ಮಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಗಲು ಲಾಂಚ್, ರಾತ್ರಿ ಸೇತುವೆ ಇಟ್ಟಿದ್ರೆ?” ಎಂದು ಕೇಳಿದ.

ಕಳೆದ ಸೆಪ್ಟೆಂಬರಿನ ಒಂದು ಭಾನುವಾರ ಯಾವ ನೆಂಟರೂ ಇರಲಿಲ್ಲ. ಮಳೆ ಹೊಳವಾಗಿತ್ತು. ಇವರು ಪೇಪರ್ ಮಡಚಿಟ್ಟು, “ಜೋಗಕ್ಕೆ ಹೋಗಿ ಬರೋಣ್ವಾ?” ಎಂದರು. ಯಾರು ಬಂದಿದ್ದಾರೆ ಎಂದು ನಾನು ಬಾಗಿಲ ಕಡೆ ನೋಡಿದೆ.

ನಮ್ಮದು ಎರಡನೇ ಕೈಯ ಸಣ್ಣ ಕಾರು. ಹಿಂದೆ ಮಕ್ಕಳಿಬ್ಬರೇ. ಇಬ್ಬರಿಗೂ ಒಂದೊಂದು ಕಿಟಕಿ. ಜಗಳವಾಡಲು ಕಾರಣವಿಲ್ಲದೆ ಆನಂದಪುರದವರೆಗೂ ಅವರು ಪೆಚ್ಚಾಗಿ ಕೂತಿದ್ದರು. ಜೋಗದಲ್ಲಿ ಇಳಿದರೆ ಮಂಜು. ಎದುರಿಗೆ ಬಿಳಿ, ಆಚೆಗೆ ಬರೀ ಸದ್ದು. 830 ಅಡಿಯಿಂದ ಬೀಳುವ ನೀರಿನ ಸದ್ದು ಎದೆಗೆ ಬಂದು ತಾಗುತ್ತಿತ್ತು. ಕಣ್ಣಿಗೆ ಏನೂ ಇಲ್ಲ. ನೆಂಟರಿದ್ದಿದ್ದರೆ ಇಷ್ಟು ಹೊತ್ತಿಗೆ ನಾವು ಕ್ಷಮೆ ಕೇಳುತ್ತಿದ್ದೆವು. ಮಂಜು ನಮ್ಮದೇ ತಪ್ಪು ಎನ್ನುವ ಹಾಗೆ, “ಈಗ ಸರಿಯತ್ತೆ, ಈಗ ಸರಿಯತ್ತೆ” ಎಂದು ಐದು ನಿಮಿಷಕ್ಕೊಮ್ಮೆ ಸಮಾಧಾನ ಹೇಳುತ್ತಿದ್ದೆವು. ಅವರೋ ಬೇಸತ್ತು ಮಿರ್ಚಿ ತಿನ್ನಲು ಹೋಗುತ್ತಿದ್ದರು. ಸರಿಯಾಗಿ ಅದೇ ಹೊತ್ತಿಗೆ ಎರಡು ನಿಮಿಷ ಮಂಜು ಸರಿದು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಈ ಸಲ ಯಾರಿಗೂ ಏನನ್ನೂ ತೋರಿಸಬೇಕಿರಲಿಲ್ಲ. ನಾವು ಕಂಬಿ ಹಿಡಿದು ಸುಮ್ನೆ ನಿಂತಿದ್ದೆವು.

ಎಡಗಡೆಯಿಂದ ಬಿಚ್ಚಿಕೊಂಡಿತು. ಇವರು ಅಭ್ಯಾಸಬಲದಿಂದ ಕೈ ಎತ್ತಿ, “ಅದು ರಾಜ, ಪಕ್ಕದಲ್ಲಿ...” ಎಂದವರು ನಮ್ಮ ಮುಖ ನೋಡಿ ನಿಲ್ಲಿಸಿದರು. ಕೈ ಇಳಿಸಲು ಮರೆತರು. ನಾಲ್ವರೂ ಬಾಯಿಪಾಠ ಮಾಡಿದವರೇ: ರಾಜ, ರೋರರ್, ರಾಕೆಟ್, ರಾಣಿ. ಆದರೆ ರೋರರ್ ಕುಣಿಯುತ್ತಾ ಬಂದು ನಡುದಾರಿಯಲ್ಲಿ ರಾಜನ ಮಡಿಲಿಗೆ ಬೀಳುವುದನ್ನು ಪೂರ್ತಿ ನೋಡಿದ್ದು ನಾನು ಅವತ್ತೇ. ಹಿಂದೆಲ್ಲ ಆ ಹೊತ್ತಿಗೆ ಯಾರದೋ ಮೊಬೈಲ್ ಹಿಡಿದು ಅವರ ಫೋಟೋ ತೆಗೆಯುತ್ತಿರುತ್ತಿದ್ದೆ.

ಮಕ್ಕಳಿಗೆ ಮಾತ್ರ ಹತ್ತೇ ನಿಮಿಷಕ್ಕೆ ಸಾಕಾಯಿತು. ತೋರಿಸುವುದಕ್ಕೆ ಒಬ್ಬರೂ ಇಲ್ಲದ ಜೋಗ ಅವರಿಗೆ ಹೊಸದು. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಹುಬ್ಬಳ್ಳಿ ಕಡೆಯ ಕುಟುಂಬವೊಂದರ ಅಜ್ಜಿ, “ಇದ್ರಾಗ ರಾಣಿ ಯಾವ್ದವ್ವಾ?” ಎಂದು ಮಗಳನ್ನು ಕೇಳಿದರು. ಕೇಳಿದ್ದೇ ತಡ, ಇಬ್ಬರೂ ಆ ಅಜ್ಜಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ನಾಲ್ಕು ಕವಲು, ಲಿಂಗನಮಕ್ಕಿಯ ಮಟ್ಟ, ಇಂಬಳಕ್ಕೆ ಉಪ್ಪು, ಮಿರ್ಚಿ ಯಾವ ಅಂಗಡಿಯಲ್ಲಿ ಚೆನ್ನಾಗಿರುತ್ತದೆ, ಎಲ್ಲವೂ ಹೊರಬಂತು. ಅಜ್ಜಿ ಇಬ್ಬರಿಗೂ ಒಂದೊಂದು ಶೇಂಗಾ ಹೋಳಿಗೆ ಕೊಟ್ಟರು. ಕೂಲಿ ಸಿಕ್ಕಿತೆಂದು ಮಗನಿಗೆ ಹಿಗ್ಗು.

ಬುಧವಾರ ರಾತ್ರಿ ನಾದಿನಿಯ ಫೋನ್ ಬಂತು. ಇವರು ಸ್ಪೀಕರ್‌ಗೆ ಹಾಕಿದರು.

“ಅಣ್ಣಾ, ಜೋಗದಲ್ಲಿ ನೀರಿದೆಯಾ?”

ಅವಳನ್ನು ಬಿಟ್ಟು ಹೋಗಿ ಬಂದಿದ್ದೇವೆ ಎಂದು ಗೊತ್ತಾದರೆ ದೀಪಾವಳಿಯವರೆಗೂ ಮಾತು ಕೇಳಬೇಕು. ಇವರು ನನ್ನ ಮುಖ ನೋಡಿದರು. ಬಾಗಿಲ ಹತ್ತಿರ ಮಕ್ಕಳ ಬೂಟುಗಳು ಇನ್ನೂ ಒಣಗಿರಲಿಲ್ಲ.

“ಗೊತ್ತಿಲ್ಲ ಕಣೇ, ಯಾರನ್ನಾದ್ರೂ ವಿಚಾರಿಸಿ ಹೇಳ್ತೀನಿ” ಅಂದರು. ಮಗ ದಿಂಬಿನಲ್ಲಿ ಮುಖ ಹುದುಗಿಸಿಕೊಂಡ.