ಪುಸ್ತಕ ಮುಚ್ಚಿದ ಮೇಲಿನ ಓದು

ಕಾಲೇಜು ವಿದ್ಯಾರ್ಥಿಗಳಿಗೆ ಹಿರಿಯರು ಕೊಡುವ ಸಲಹೆಗಳಲ್ಲಿ ಬಹುಪಾಲು ಗಂಟೆಗಳ ಲೆಕ್ಕವೇ ಆಗಿರುತ್ತದೆ: ಎಷ್ಟು ಹೊತ್ತು ಓದಬೇಕು, ಎಷ್ಟು ಗಂಟೆಗೆ ಏಳಬೇಕು, ಮೊಬೈಲನ್ನು ಎಲ್ಲಿಡಬೇಕು. ಓದಲು ಕುಳಿತ ಮೇಲೆ ಏನು ಮಾಡಬೇಕೆಂಬುದನ್ನು ಹೇಳಿಕೊಡುವವರು ಕಡಿಮೆ. ಶಾಲೆಯಲ್ಲಿ ಮೇಷ್ಟರು ನಿನ್ನೆಯ ಪಾಠದ ಮೇಲೆ ಇವತ್ತು ಪ್ರಶ್ನೆ ಕೇಳುತ್ತಿದ್ದರು. ಕಾಲೇಜಿನಲ್ಲಿ ಉಪನ್ಯಾಸ ಮುಗಿದರೆ ಪರೀಕ್ಷೆಯವರೆಗೆ ಕೇಳುವವರೇ ಇರುವುದಿಲ್ಲ. ಆ ಪ್ರಶ್ನೆ ಕೇಳುವ ಕೆಲಸವನ್ನು ವಿದ್ಯಾರ್ಥಿ ತಾನೇ ವಹಿಸಿಕೊಳ್ಳುವುದು ಕಾಲೇಜಿನಲ್ಲಿ ರೂಢಿಸಿಕೊಳ್ಳಬೇಕಾದ ಮೊದಲ ಅಭ್ಯಾಸ ಎಂಬುದು ನನ್ನ ಅಭಿಪ್ರಾಯ.

ಹೆಚ್ಚಿನವರು ಮಾಡುವುದು ಇದಲ್ಲ. ನೋಟ್ಸನ್ನು ಎರಡು ಮೂರು ಸಲ ಓದುತ್ತಾರೆ, ಮುಖ್ಯವೆನಿಸಿದ ಸಾಲುಗಳಿಗೆ ಬಣ್ಣ ಹಚ್ಚುತ್ತಾರೆ. ಮೂರನೆಯ ಸಲ ಓದುವಾಗ ಎಲ್ಲವೂ ಸಲೀಸಾಗಿ ಸಾಗುವುದರಿಂದ ವಿಷಯ ತಲೆಗೆ ಹತ್ತಿತೆಂಬ ಸಮಾಧಾನ ಹುಟ್ಟುತ್ತದೆ. ಆದರೆ ಮುಖ ನೋಡಿ ಗುರುತು ಹಿಡಿಯುವುದಕ್ಕೂ ಹೆಸರು ನೆನಪಿಸಿಕೊಳ್ಳುವುದಕ್ಕೂ ಇರುವಷ್ಟೇ ಅಂತರ ಇಲ್ಲಿಯೂ ಇದೆ. ಪರೀಕ್ಷೆಯ ಕೊಠಡಿಯಲ್ಲಿ ಬೇಕಾಗುವುದು ಎರಡನೆಯದು.

ಈ ಅಂತರವನ್ನು ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಸ್ಪಷ್ಟವಾಗಿ ತೋರಿಸಿತು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಗದ್ಯಭಾಗವನ್ನು ಮತ್ತೆ ಓದಿದರು, ಇನ್ನು ಕೆಲವರು ಅದನ್ನು ಬದಿಗಿಟ್ಟು ನೆನಪಿದ್ದಷ್ಟನ್ನು ಬರೆದರು. 5 ನಿಮಿಷಗಳ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ನನಗೆ ಇದರಲ್ಲಿ ಬಹಳ ಮುಖ್ಯವೆನಿಸುವುದು ಮೊದಲ ಫಲಿತಾಂಶ. ಮತ್ತೆ ಮತ್ತೆ ಓದುವುದರ ಲಾಭ ಕೂಡಲೇ ಕಣ್ಣಿಗೆ ಕಾಣುತ್ತದೆ, ನಷ್ಟ ತಡವಾಗಿ ಬರುತ್ತದೆ; ಹಾಗಾಗಿಯೇ ಬುದ್ಧಿವಂತ ವಿದ್ಯಾರ್ಥಿಗಳೂ ಆ ಪದ್ಧತಿಯನ್ನು ಬಿಡುವುದಿಲ್ಲ.

ಇದನ್ನು ಆಚರಣೆಗೆ ತರಲು ವಿಶೇಷ ಸಿದ್ಧತೆಯೇನೂ ಬೇಕಿಲ್ಲ. ತರಗತಿ ನಡೆದ ದಿನವೇ ಒಂದು ಖಾಲಿ ಹಾಳೆ ತೆಗೆದುಕೊಂಡು, ನೋಟ್ಸ್ ನೋಡದೆ ಅಂದಿನ ಪಾಠದ ಮುಖ್ಯ ಅಂಶಗಳನ್ನು ಬರೆಯಬೇಕು. ಆಮೇಲೆ ನೋಟ್ಸ್ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಬೇರೆ ಶಾಯಿಯಲ್ಲಿ ತುಂಬಬೇಕು. ಮರುದಿನ ಎಲ್ಲವನ್ನೂ ಓದುವ ಬದಲು ಆ ಬೇರೆ ಶಾಯಿಯ ಭಾಗದಿಂದಲೇ ಶುರುಮಾಡಬಹುದು. ಲೆಕ್ಕದ ವಿಷಯಗಳಲ್ಲಿ, ಬಿಡಿಸಿಟ್ಟ ಉದಾಹರಣೆಯ ಉತ್ತರವನ್ನು ಮುಚ್ಚಿ ಮೊದಲ ಹೆಜ್ಜೆಯಿಂದ ತಾವೇ ಬಿಡಿಸಬೇಕು. ಬಿಡಿಸಿದ್ದನ್ನು ಓದಿ ತಲೆದೂಗುವುದು ಗಣಿತ ಕಲಿಯುವ ವಿಧಾನವಲ್ಲ. ಆರಂಭದಲ್ಲಿ ಹಾಳೆ ಅರ್ಧಕ್ಕಿಂತ ಹೆಚ್ಚು ಖಾಲಿ ಉಳಿದು ಬೇಸರವಾಗುತ್ತದೆ, ಮತ್ತು ಈ ಬೇಸರವೇ ಹಲವರನ್ನು ಹಳೆಯ ದಾರಿಗೆ ಹಿಂದಿರುಗಿಸುತ್ತದೆ.

ಇದರ ಜೊತೆಗೆ ಅಂತರ ಬಿಟ್ಟು ಓದುವ ಕ್ರಮವೂ ಬೇಕು. ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಕಲಿತದ್ದರಲ್ಲಿ ಹೆಚ್ಚು ಭಾಗ ಮೊದಲ ಕೆಲವು ಗಂಟೆಗಳಲ್ಲಿಯೇ ಸೋರಿಹೋಗುತ್ತದೆಂಬುದನ್ನೂ, ಬೇರೆ ಬೇರೆ ದಿನಗಳಿಗೆ ಹಂಚಿ ಕಲಿತರೆ ಕಡಿಮೆ ಪುನರಾವರ್ತನೆ ಸಾಕೆಂಬುದನ್ನೂ 1885ರಲ್ಲಿಯೇ ದಾಖಲಿಸಿದ್ದ. ಒಂದೇ ಅಧ್ಯಾಯಕ್ಕೆ ಭಾನುವಾರ ನಾಲ್ಕು ಗಂಟೆ ಮೀಸಲಿಡುವುದಕ್ಕಿಂತ ವಾರದಲ್ಲಿ ನಾಲ್ಕು ದಿನ ಒಂದೊಂದು ಗಂಟೆ ಕೊಡುವುದು ಮೇಲು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡುವುದಂತೂ ಎರಡು ಕಡೆಯಿಂದ ನಷ್ಟ: ಅಂತರಕ್ಕೆ ಅವಕಾಶವಿಲ್ಲ, ಕಲಿತದ್ದನ್ನು ಮೆದುಳು ಗಟ್ಟಿಮಾಡಿಕೊಳ್ಳುವ ನಿದ್ದೆಯೂ ಇಲ್ಲ.

ಅಧ್ಯಾಪಕರೂ ಇಲ್ಲಿ ಸ್ವಲ್ಪ ಕೈಜೋಡಿಸಬೇಕು. ಪ್ರತಿ ತರಗತಿಯ ಮೊದಲ ಐದು ನಿಮಿಷ, ಅಂಕಗಳ ಭಯವಿಲ್ಲದೆ, ಕಳೆದ ವಾರದ ಪಾಠದಿಂದ ಎರಡು ಪ್ರಶ್ನೆ ಕೇಳಿ ಉತ್ತರವನ್ನು ತಮ್ಮ ತಮ್ಮ ಪುಸ್ತಕದಲ್ಲಿಯೇ ಬರೆದುಕೊಳ್ಳಲು ಹೇಳಿದರೆ, ಮನೆಯಲ್ಲಿ ಅದನ್ನೇ ಮುಂದುವರಿಸುವುದು ವಿದ್ಯಾರ್ಥಿಗಳಿಗೆ ಅಷ್ಟು ಕಷ್ಟವೆನಿಸಲಾರದು.