ಮೊದಲು ಕಾಲು ತೋರಿಸ್ರಿ

ಗಂಗಾವತಿ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವದ ಭರತನಾಟ್ಯದ ವಿಡಿಯೊ ಈಗಷ್ಟೇ ನೋಡಿದೆ. ಹೊಟ್ಟೆ ಉರಿದುಹೋಯ್ತು. ಜತಿಯ, ಅಂದ್ರೆ ತಾಳದ ಸೊಲ್ಲುಗಳಿಗೆ ಬರೀ ಕುಣಿಯೋ ಭಾಗದ, ಕೊನೆಗೆ ಅದನ್ನ ಮುಗಿಸೋ ‘ತೀರ್ಮಾನ’ ಬರ್ತಿದೆ, ‘ತದಿಗಿಣತೋಂ’ ಮೂರು ಸಲ. ಮೊದಲನೆಯದಕ್ಕೆ ಹುಡುಗಿಯ ಮುಖ, ಎರಡನೆಯದಕ್ಕೆ ಕೈಬಳೆ, ಮೂರನೆಯದಕ್ಕೆ ಮುಂದಿನ ಸಾಲಿನ ಅತಿಥಿಗಳು. ಕಾಲು ಒಂದು ಸಲವೂ ಇಲ್ಲ. ಮಂಡಿ ಅರ್ಧ ಬಗ್ಗಿಸಿ ಅರೆಮಂಡಿ ಕೂತು ತಟ್ಟಡವು, ನಾಟ್ಟಡವು ಅನ್ನೋ ಮೊದಲ ಪಾಠದ ಹೆಜ್ಜೆಗಳನ್ನ ಮೂರು ಕಾಲದಲ್ಲಿ, ಅಂದ್ರೆ ಮೂರು ವೇಗದಲ್ಲಿ, ತಟ್ಟಿ ತಟ್ಟಿ ಕಲಿತ ಮಕ್ಕಳ ಕಾಲು ರೀ ಅವು!

ಈ ಚಾಳಿ ಬಂದದ್ದು ಸಿನಿಮಾ ಹಾಡಿನಿಂದ. ಅಲ್ಲಿ ಅದಕ್ಕೆ ಕಾರಣ ಇದೆ. ಡ್ಯಾನ್ಸ್ ಮಾಸ್ಟರ್ ನಾಲ್ಕೋ ಎಂಟೋ ಕೌಂಟಿನ ಕುಣಿತದ ತುಣುಕು ಕಟ್ಟುವಾಗಲೇ ಎಡಿಟಿಂಗಿನ ಕತ್ತರಿ ಎಲ್ಲಿ ಬೀಳುತ್ತೆ ಅಂತ ಗೊತ್ತಿರುತ್ತೆ. ತೇಲಿದ ಹಾಗೆ ಕಾಣಬೇಕಂದ್ರೆ ಸೆಕೆಂಡಿಗೆ 24ರ ಬದಲು 48 ಫ್ರೇಮ್, ಅಂದ್ರೆ ಬಿಡಿ ಚಿತ್ರ, ಹಿಡೀತಾರೆ. ಸೆಟ್ಟಿನಲ್ಲಿ ಹಾಡು ಎರಡು ಪಟ್ಟು ವೇಗದಲ್ಲಿ ಓಡುತ್ತೆ, ಕುಣಿಯೋರೂ ಅದೇ ವೇಗಕ್ಕೆ ಕುಣೀತಾರೆ. ಆಮೇಲೆ 24ರ ಲೆಕ್ಕದಲ್ಲೇ ಓಡಿಸಿದಾಗ ತೆರೆ ಮೇಲೆ ತುಟಿ ಹಾಡಿಗೆ ಸರಿಯಾಗಿ ಕೂಡುತ್ತೆ, ಸೆರಗು ಮಾತ್ರ ನಿಧಾನಕ್ಕೆ ಹಾರುತ್ತೆ. ಅಲ್ಲಿ ಕ್ಯಾಮೆರಾನೂ ಕುಣೀತದೆ. ವೇದಿಕೆ ಮೇಲೆ ಕುಣಿಯೋದು ಮಕ್ಕಳು ಮಾತ್ರ. ಅವರ ಕಾಲು ಕತ್ತರಿಸಿದರೆ ತಾಳವನ್ನೇ ಕತ್ತರಿಸಿದಂತೆ.

ಸಿನಿಮಾದವರೆಲ್ಲ ಕಾಲು ಕತ್ತರಿಸಿದವರಲ್ಲ. ಹಾಲಿವುಡ್ಡಿನ ನರ್ತಕ, ನಟ ಫ್ರೆಡ್ ಅಸ್ಟೇರ್, ತಲೆಯಿಂದ ಪಾದದವರೆಗೆ ಇಡೀ ದೇಹ ಕಾಣಬೇಕು, ಶಾಟ್ ಆದಷ್ಟು ಉದ್ದ ಇರಬೇಕು ಅಂತ ಹಟ ಹಿಡಿದವರು. ನಮ್ಮಲ್ಲೂ 1948ರ ‘ಕಲ್ಪನಾ’ ಸಿನಿಮಾವನ್ನು ನರ್ತಕ ಉದಯ ಶಂಕರ್ ತಾವೇ ನಿರ್ದೇಶಿಸಿದರು; ಕುಣಿತ ಹೇಗೆ ಕಾಣಬೇಕು ಅನ್ನೋದು ಕುಣಿಯೋರ ಕೈಯಲ್ಲೇ ಇತ್ತು.

‘ಅಭಿನಯಕ್ಕೆ ಮುಖ ಬೇಡವಾ?’ ಅಂತ ಕೇಳ್ತೀರಿ. ಬೇಕು. ಪದಂ, ಜಾವಳಿಯಂಥ ಅಭಿನಯದ ಹಾಡು ನಡೆವಾಗ ಎದೆಮಟ್ಟಕ್ಕೆ ಬನ್ನಿ, ಯಾರು ಬೇಡ ಅಂದ್ರು? ಜತಿ ಶುರುವಾಗೋ ಮುಂಚೆ ಹಿಂದೆ ಸರೀರಿ, ಅಷ್ಟೇ. ‘ಮೊಬೈಲಿನಲ್ಲಿ ಚಿಕ್ಕದಾಗಿ ಕಾಣುತ್ತೆ’ ಅನ್ನೋದು ಬರೀ ನೆಪ. ಆ ಮೊಬೈಲ್ ಉದ್ದಕ್ಕೆ ಹಿಡಿದೇ ನಮ್ಮ ಬಳ್ಳಾರಿ ಕಡೆಯ ಬಯಲಾಟವನ್ನೂ ಹಾಳು ಮಾಡಿದ್ದಾರೆ. ಹತ್ತಿರ ಹೋಗಿ ಹಿಡಿದ್ರೆ ಎರಡೂ ಕಡೆ ಹೆಗಲ ಮೇಲಿನ ಆಭರಣ ಭುಜಕೀರ್ತಿ ಹೋಯ್ತು, ಕೆಳಗೆ ಕಾಲೂ ಹೋಯ್ತು; ರಾಕ್ಷಸ ವೇಷದ ಆರ್ಭಟದ ಕುಣಿತದಲ್ಲಿ ಉಳಿದದ್ದು ಮೀಸೆ.

ಕೆಲಸ ಕಷ್ಟದ್ದಲ್ಲ. ಕ್ಯಾಮೆರಾ ನಟ್ಟನಡುವೆ, ಕುಣಿಯೋರ ಸೊಂಟದ ಎತ್ತರಕ್ಕೆ ಇಡಿ. ನೆಲದಿಂದಲ್ಲ, ವೇದಿಕೆಯ ಹಲಗೆಯಿಂದ ಲೆಕ್ಕ. ಕ್ಯಾಮೆರಾ ಹಲಗೆಗಿಂತ ಕೆಳಗಿದ್ರೆ ವೇದಿಕೆಯ ಅಂಚು ಪಾದ ನುಂಗುತ್ತೆ. ಅಂಚಿನ ಹೂಕುಂಡ, ಸ್ಪೀಕರ್ ತೆಗೆಸಿ. ಹೊಗೆ ಯಂತ್ರ ಬೇಡವೇ ಬೇಡ. ಎತ್ತಿದ ಕೈ ಕಟ್ ಆಗದ ಹಾಗೆ ತಲೆ ಮೇಲೆ ಜಾಗ ಬಿಡಿ. ನಮ್ಮ ಕರೆಂಟು 50 ಹರ್ಟ್ಜ್, ಕ್ಯಾಮೆರಾದ ಶಟರ್ ವೇಗ ಸೆಕೆಂಡಿನ 1/50 ಅಥವಾ 1/100 ಇಟ್ರೆ ದೀಪ ಮಿನುಗೋದು ತಪ್ಪುತ್ತೆ.

ಶಬ್ದದ ವಿಷಯ ಇದಕ್ಕಿಂತ ಮುಖ್ಯ. ಸ್ಪೀಕರಿನಿಂದ 34 ಮೀಟರ್ ದೂರದ ಕ್ಯಾಮೆರಾ ಮೈಕಿಗೆ ಶಬ್ದ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಮುಟ್ಟುತ್ತೆ. ಕಾಲು ಮೊದಲು ಬೀಳುತ್ತೆ, ಮೃದಂಗ ಆಮೇಲೆ ಬರುತ್ತೆ. ನೋಡಿದವರು ‘ಹುಡುಗಿ ತಾಳ ತಪ್ಪಿದಳು’ ಅಂತಾರೆ. ಎಂಥ ಅನ್ಯಾಯ! ಮೈಕ್‌ಸೆಟ್ಟಿನವರ ಸೌಂಡ್ ಮಿಕ್ಸರಿನಿಂದ ಕ್ಯಾಮೆರಾಕ್ಕೆ ನೇರ ವೈರ್ ಎಳೆಯಿರಿ, ಗೆಜ್ಜೆಗೆ ವೇದಿಕೆಯ ಅಂಚಿನಲ್ಲಿ ಒಂದು ಮೈಕ್ ಇಡಿ.

ಪಾಲಕರೇ, ವಿಡಿಯೊದವರಿಗೆ ಮುಂಗಡ ಕೊಡುವಾಗಲೇ ಹೇಳಿಬಿಡಿ: ಎಷ್ಟೇ ಕ್ಯಾಮೆರಾ ತರಲಿ, ಒಂದು ಮಾತ್ರ ಇಡೀ ವೇದಿಕೆ ಹಿಡಿದು ಅಲುಗಾಡದೆ ನಿಂತಿರಬೇಕು. ಎಡಿಟ್ ಮಾಡದ ಆ ಪೂರ್ತಿ ಫೈಲನ್ನ ಪೆನ್‌ಡ್ರೈವಿನಲ್ಲಿ ಬೇರೆಯಾಗಿ ಇಸ್ಕೊಳ್ಳಿ.